ಹೊರದೇಶದಲ್ಲಿ ಇರುವವರ ದುಡ್ಡು, ಕಾಗದ, ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ, ಓದು, ಮದುವೆ ಅಂತ ಬೇರೆ ದೇಶಕ್ಕೆ ಹೋಗಿ ನೆಲೆಸಿದವರ ಮೇಲೆ ಎರಡು ದೇಶಗಳ ಕಾನೂನು ಇರುತ್ತದೆ. ಬಿಟ್ಟು ಬಂದ ದೇಶದ್ದು ಒಂದು, ಈಗ ಇರುವ ದೇಶದ್ದು ಇನ್ನೊಂದು. ಒಂದು ಕಡೆಯ ನಿಯಮ ಮಾತ್ರ ನೋಡಿ ಹೆಜ್ಜೆ ಇಡುವುದರಿಂದಲೇ ಹೆಚ್ಚಿನ ತಾಪತ್ರಯ ಹುಟ್ಟುವುದು. ನಾನು ಹೊರಗೆ ಇದ್ದ ವರ್ಷಗಳಲ್ಲಿ, ಹೊಸದಾಗಿ ಬಂದವರ ಜೊತೆ ಕೂತು ಅರ್ಜಿ ತುಂಬುತ್ತಾ ಕಲಿತದ್ದು ಇದನ್ನೇ. ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಮೊತ್ತ ದೊಡ್ಡದಿದ್ದರೆ, ಕೋರ್ಟು ಅಥವಾ ವೀಸಾದ ವಿಷಯವಾದರೆ, ಆ ದೇಶದಲ್ಲಿ ಪರವಾನಗಿ ಇರುವ ವಕೀಲರನ್ನೋ ತೆರಿಗೆ ಸಲಹೆಗಾರರನ್ನೋ ಕೇಳಿಯೇ ಮುಂದುವರಿಯಿರಿ.

ನಾನು ತೆರಿಗೆ ಕಟ್ಟಬೇಕಾದ್ದು ಯಾವ ದೇಶಕ್ಕೆ?

ಹೆಚ್ಚಿನ ದೇಶಗಳು ಪಾಸ್‌ಪೋರ್ಟ್ ನೋಡಿ ತೆರಿಗೆ ಹಾಕುವುದಿಲ್ಲ, ನೀವು ಎಲ್ಲಿ ವಾಸ ಇದ್ದೀರಿ ಅಂತ ನೋಡಿ ಹಾಕುತ್ತವೆ. 183 ದಿನದ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ವರ್ಷದ ಅರ್ಧಕ್ಕಿಂತ ಜಾಸ್ತಿ ದಿನ ಇದ್ದರೆ ಅಲ್ಲಿಯ ತೆರಿಗೆ ನಿವಾಸಿ ಅಂತ. ಆದರೆ 182ನೇ ದಿನ ವಿಮಾನ ಹತ್ತಿದರೆ ಬಚಾವು ಅಂದುಕೊಳ್ಳಬೇಡಿ. ಬ್ರಿಟನ್‌ನಲ್ಲಿ ಮನೆ, ಕೆಲಸ, ಕುಟುಂಬದ ನಂಟು ಇದ್ದರೆ ಅದಕ್ಕಿಂತ ಎಷ್ಟೋ ಕಮ್ಮಿ ದಿನ ಇದ್ದವರೂ ನಿವಾಸಿಗಳಾಗಬಹುದು. ಜರ್ಮನಿಯಲ್ಲಿ ನಿಮ್ಮ ಉಪಯೋಗಕ್ಕೆ ಅಂತ ಮನೆಯೊಂದನ್ನು ಇಟ್ಟುಕೊಂಡಿದ್ದರೆ ದಿನಗಳ ಲೆಕ್ಕಕ್ಕೆ ಹೋಗದೆಯೇ ನಿಮ್ಮನ್ನು ನಿವಾಸಿ ಅನ್ನಬಹುದು. ಅಮೆರಿಕದವರು ಮೂರು ವರ್ಷದ ದಿನಗಳನ್ನು ಕೂಡಿಸುತ್ತಾರೆ: ಈ ವರ್ಷದ್ದು ಪೂರ್ತಿ, ಹೋದ ವರ್ಷದ್ದು ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ್ದು ಆರನೇ ಒಂದು ಭಾಗ.

ಎರಡು ದೇಶಗಳೂ "ಇವರು ನಮ್ಮ ನಿವಾಸಿ" ಅಂದರೆ? ಆಗ ಎರಡರ ನಡುವಿನ ತೆರಿಗೆ ಒಪ್ಪಂದ ನೋಡಬೇಕು. ಹೆಚ್ಚಿನ ಒಪ್ಪಂದಗಳು ಒಇಸಿಡಿ (ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆ) ಮಾದರಿಯಲ್ಲಿವೆ. ಅದರಲ್ಲಿ ಮೊದಲು ನೋಡುವುದು ಕಾಯಂ ಮನೆ ಎಲ್ಲಿದೆ ಅಂತ. ಎರಡೂ ಕಡೆ ಇದ್ದರೆ ನಿಮ್ಮ ಸಂಸಾರ ಮತ್ತು ಹಣಕಾಸಿನ ನಂಟು ಎಲ್ಲಿ ಗಟ್ಟಿ ಇದೆ ಅಂತ. ಆಮೇಲೆ ರೂಢಿಯಾಗಿ ಎಲ್ಲಿರುತ್ತೀರಿ ಅನ್ನುವುದು, ಕೊನೆಗೆ ಪೌರತ್ವ. ಅಂದರೆ ಪಾಸ್‌ಪೋರ್ಟಿನ ಸರದಿ ಬರುವುದು ತೀರಾ ಕೊನೆಯಲ್ಲಿ.

ಇದಕ್ಕೆ ದೊಡ್ಡ ಅಪವಾದ ಅಮೆರಿಕ. ಅಲ್ಲಿನ ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಪ್ರತಿ ವರ್ಷ ಆದಾಯದ ಲೆಕ್ಕ ಕೊಡಬೇಕು. ಎರಿಟ್ರಿಯಾ ಕೂಡ ಹೊರಗಿರುವ ತನ್ನ ಪೌರರಿಂದ ಆದಾಯದ ಶೇ. 2ರಷ್ಟು ಕೇಳುತ್ತದೆ.

ಒಂದು ಚಿಕ್ಕ ಪುಸ್ತಕದಲ್ಲಿ ದೇಶಕ್ಕೆ ಬಂದ ದಿನ, ಬಿಟ್ಟ ದಿನ ಬರೆದಿಡಿ. ಬೋರ್ಡಿಂಗ್ ಪಾಸ್ ಫೋಟೊ ತೆಗೆದಿಡಿ. ಈಗ ಎಷ್ಟೋ ಕಡೆ ಪಾಸ್‌ಪೋರ್ಟ್‌ಗೆ ಮುದ್ರೆಯೇ ಬೀಳುವುದಿಲ್ಲ. ನಾಲ್ಕು ವರ್ಷ ಬಿಟ್ಟು ತೆರಿಗೆ ಇಲಾಖೆಯವರು ಕೇಳಿದಾಗ ನೆನಪಿನಿಂದ ಹೇಳಲು ಯಾರಿಂದಲೂ ಆಗುವುದಿಲ್ಲ.

ಒಂದೇ ಸಂಬಳಕ್ಕೆ ಎರಡು ಸಲ ತೆರಿಗೆ ಬೀಳುತ್ತದಾ?

ಒಪ್ಪಂದ ಇದ್ದರೆ ಸಾಮಾನ್ಯವಾಗಿ ಇಲ್ಲ. ಒಂದು ದೇಶ ಆ ಆದಾಯವನ್ನು ಪೂರ್ತಿ ಬಿಟ್ಟುಬಿಡುತ್ತದೆ, ಇಲ್ಲವೇ ಇನ್ನೊಂದು ಕಡೆ ಕಟ್ಟಿದ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಕಳೆಯುತ್ತದೆ. ಜಗತ್ತಿನಲ್ಲಿ ಇಂಥ ಒಪ್ಪಂದಗಳು ಸುಮಾರು 3000 ಇವೆ. ಆದರೆ ಇದು ತಾನಾಗಿಯೇ ಆಗುವುದಿಲ್ಲ. ನೀವೇ ಕೇಳಬೇಕು, ವಾಸ ಇರುವ ದೇಶದಿಂದ ತೆರಿಗೆ ನಿವಾಸಿ ಪ್ರಮಾಣಪತ್ರ ತಂದು ತೋರಿಸಬೇಕು.

ಇನ್ನೊಂದು ತೊಡಕು ವರ್ಷದ್ದು. ಬ್ರಿಟನ್‌ನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರು, ಆಸ್ಟ್ರೇಲಿಯಾದ್ದು ಜುಲೈ 1ಕ್ಕೆ, ಅಮೆರಿಕ ಮತ್ತು ಜರ್ಮನಿಯದ್ದು ಜನವರಿ 1ಕ್ಕೆ. ಒಂದು ಕಡೆಯ ವರ್ಷದ ಲೆಕ್ಕ ಇನ್ನೊಂದು ಕಡೆ ಎರಡು ವರ್ಷಕ್ಕೆ ಹರಿದು ಹಂಚಿಹೋಗುತ್ತದೆ. ಅದಕ್ಕೇ ಸಂಬಳದ ಚೀಟಿಗಳನ್ನು ತಿಂಗಳು ತಿಂಗಳು ಇಟ್ಟುಕೊಳ್ಳಿ. ವರ್ಷದ ಒಟ್ಟು ಮೊತ್ತದ ಒಂದು ಕಾಗದ ಸಾಲುವುದಿಲ್ಲ.

ಲ್ಯಾಪ್‌ಟಾಪ್ ಹಿಡಿದು ಪ್ರವಾಸಿ ವೀಸಾದಲ್ಲಿ ಬೇರೆ ದೇಶದಿಂದ ಕೆಲಸ ಮಾಡಬಹುದಾ?

ಸಂಬಳ ಎಲ್ಲಿಂದ ಬಂದರೂ, ಕೂತು ಕೆಲಸ ಮಾಡುವ ಜಾಗದ ಕಾನೂನು ಲೆಕ್ಕಕ್ಕೆ ಬರುತ್ತದೆ. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಅವಕಾಶ ಇಲ್ಲದ ದೇಶಗಳೇ ಜಾಸ್ತಿ. ಕಂಪನಿಗೆ ಹೇಳದೆ ಹೋದರೆ ಅವರಿಗೂ ಅಲ್ಲಿ ತೆರಿಗೆಯ ಹೊರೆ ಬೀಳಬಹುದು. ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡೇ ಹೋಗಿ.

ಹಳೇ ಬ್ಯಾಂಕ್ ಖಾತೆ ಹಾಗೇ ಇರಲಿ ಅಂತ ಬಿಟ್ಟರೆ ಏನಾಗುತ್ತದೆ?

ಸುಮ್ನೆ ಬಿಡಬೇಡಿ. ನಾನು ಹಾಗೆ ಬಿಟ್ಟು ಕಷ್ಟಪಟ್ಟಿದ್ದೇನೆ. ವಿಳಾಸ ಬದಲಾದದ್ದನ್ನು ಹೇಳಿರಲಿಲ್ಲ, ಬ್ಯಾಂಕಿನ ಪತ್ರಗಳು ಖಾಲಿ ಮನೆಗೆ ಹೋಗುತ್ತಿದ್ದವು, ಕೊನೆಗೆ ಖಾತೆಯನ್ನು ತಡೆಹಿಡಿದರು. ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯಿತು. ದೇಶ ಬಿಟ್ಟ ಮೇಲೆ ಖಾತೆಯ ಬಗೆಯನ್ನೇ ಬದಲಿಸಬೇಕು ಅನ್ನುವ ನಿಯಮ ಕೆಲವು ಕಡೆ ಇದೆ. ನಿವಾಸಿಯಲ್ಲದವರ ಖಾತೆಯನ್ನು ಮುಚ್ಚುವ ಬ್ಯಾಂಕ್‌ಗಳೂ ಇವೆ. ಹೊರಡುವ ಮೊದಲೇ ಕೇಳಿಕೊಳ್ಳಿ.

ಖಾತೆ ಇರುವುದು ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಕಾಲ ಮುಗಿದಿದೆ. ಒಇಸಿಡಿ 2014ರಲ್ಲಿ ರೂಪಿಸಿದ ಸಿಆರ್‌ಎಸ್ ಅನ್ನುವ ವ್ಯವಸ್ಥೆಯಲ್ಲಿ 100ಕ್ಕಿಂತ ಜಾಸ್ತಿ ದೇಶ, ಪ್ರದೇಶಗಳು ಖಾತೆಗಳ ವಿವರವನ್ನು ಒಂದಕ್ಕೊಂದು ತಾವಾಗಿಯೇ ಕಳಿಸುತ್ತವೆ. 2017ರಿಂದ ಇದು ನಡೆಯುತ್ತಿದೆ. ಹೆಸರು, ವಿಳಾಸ, ತೆರಿಗೆ ಸಂಖ್ಯೆ, ಉಳಿದ ಮೊತ್ತ, ಬಂದ ಬಡ್ಡಿ ಎಲ್ಲವೂ ಹೋಗುತ್ತದೆ. ಅಮೆರಿಕ ಇದರಲ್ಲಿ ಇಲ್ಲ. ಅವರದ್ದು 2010ರ ಫ್ಯಾಟ್ಕಾ ಕಾನೂನು, ಅಮೆರಿಕದವರ ಖಾತೆಗಳ ವಿವರವನ್ನು ಹೊರದೇಶದ ಬ್ಯಾಂಕ್‌ಗಳು ಕೊಡಬೇಕು ಅನ್ನುವುದು. ಅಲ್ಲಿನ ಪೌರರ ಮತ್ತು ನಿವಾಸಿಗಳ ಹೊರದೇಶದ ಖಾತೆಗಳಲ್ಲಿ ಒಟ್ಟು ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಬೇರೆಯದೇ ಒಂದು ವರದಿ ಕೊಡಬೇಕು. ತೆರಿಗೆ ಏನೂ ಬರದಿದ್ದರೂ ವರದಿ ಬಿಟ್ಟದ್ದಕ್ಕೇ ದಂಡ ಬೀಳುತ್ತದೆ. ಅವರು ಕೇಳುವ ಮೊದಲು ನೀವೇ ಹೇಳಿದರೆ ಎಷ್ಟೋ ದೇಶಗಳಲ್ಲಿ ದಂಡ ಇಳಿಯುತ್ತದೆ.

ಮನೆಗೆ ದುಡ್ಡು ಕಳಿಸುವಾಗ ಎಲ್ಲಿ ಕಳೆದುಕೊಳ್ಳುತ್ತೇವೆ?

ವಿನಿಮಯ ದರದಲ್ಲಿ. "ಶುಲ್ಕ ಇಲ್ಲ" ಅನ್ನುವ ಬೋರ್ಡ್ ಕಂಡಾಗ ದರವನ್ನು ನೋಡಿ. ಮಾರುಕಟ್ಟೆಯ ನಡು ದರಕ್ಕಿಂತ (ಕೊಳ್ಳುವ ಮತ್ತು ಮಾರುವ ದರದ ಮಧ್ಯದ್ದು) ಶೇ. 3ರಷ್ಟು ಕಮ್ಮಿ ಕೊಟ್ಟರೆ ಪ್ರತಿ 1000ಕ್ಕೆ 30 ಹೋಯಿತು. ಶುಲ್ಕ ಅಂತ 5 ತೆಗೆದುಕೊಂಡು ಸರಿಯಾದ ದರ ಕೊಡುವವರೇ ವಾಸಿ ಅಲ್ವಾ? ಹೋಲಿಸುವಾಗ ಒಂದೇ ಪ್ರಶ್ನೆ ಕೇಳಿ: ನಾನು ಇಷ್ಟು ಕೊಟ್ಟರೆ ಅಲ್ಲಿ ಕೈಗೆ ಎಷ್ಟು ಸೇರುತ್ತದೆ?

ವಿಶ್ವಬ್ಯಾಂಕ್ ಲೆಕ್ಕದ ಪ್ರಕಾರ 200 ಡಾಲರ್ ಕಳಿಸಲು ಜಗತ್ತಿನ ಸರಾಸರಿ ಖರ್ಚು ಶೇ. 6ಕ್ಕಿಂತ ಮೇಲಿದೆ. 2030ರೊಳಗೆ ಇದನ್ನು ಶೇ. 3ಕ್ಕಿಂತ ಕೆಳಗೆ ತರಬೇಕು ಅನ್ನುವುದು ವಿಶ್ವಸಂಸ್ಥೆಯ ಗುರಿ. ಬೆವರು ಸುರಿಸಿ ದುಡಿದು ಸಣ್ಣ ಮೊತ್ತ ಕಳಿಸುವವರ ಮೇಲೇ ಈ ಹೊರೆ ಜಾಸ್ತಿ ಬೀಳುತ್ತದೆ ಅನ್ನುವುದು ನನಗೆ ತುಂಬಾ ನೋವಿನ ವಿಷಯ. ಸಾಮಾನ್ಯವಾಗಿ ಬ್ಯಾಂಕಿನ ಕೌಂಟರ್ ದುಬಾರಿ, ಪರವಾನಗಿ ಇರುವ ಆ್ಯಪ್‌ಗಳು ಅಗ್ಗ. ತುಂಬಾ ಸಣ್ಣ ಮೊತ್ತವನ್ನು ವಾರವಾರ ಕಳಿಸುವ ಬದಲು ಒಟ್ಟು ಮಾಡಿ ಕಳಿಸಿದರೆ ಶುಲ್ಕ ಉಳಿಯುತ್ತದೆ.

ಬ್ಯಾಂಕ್ ಮೂಲಕ ಕಳಿಸುವಾಗ, ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ 8 ಅಥವಾ 11 ಅಕ್ಷರದ್ದು. ಖಾತೆಯನ್ನು ಗುರುತಿಸುವ ಐಬ್ಯಾನ್ ಸಂಖ್ಯೆ ಗರಿಷ್ಠ 34 ಅಕ್ಷರ. ಐಬ್ಯಾನ್‌ನಲ್ಲಿ ತಪ್ಪು ಹಿಡಿಯಲು ಎರಡು ಅಂಕಿ ಇರುತ್ತವೆ, ಆದರೂ ಸ್ವಂತ ಕಣ್ಣಿಂದ ಇನ್ನೊಮ್ಮೆ ನೋಡಿ. ಮಧ್ಯದ ಬ್ಯಾಂಕ್‌ಗಳು ದಾರಿಯಲ್ಲೇ ಶುಲ್ಕ ಮುರಿದುಕೊಳ್ಳಬಹುದು. ಕಾಲೇಜು ಫೀಸಿನಂಥ ಪೂರ್ತಿ ಮೊತ್ತ ಸೇರಲೇಬೇಕಾದ ಕಡೆ "ಎಲ್ಲ ಖರ್ಚೂ ಕಳಿಸುವವರದ್ದು" ಅನ್ನುವ ಆಯ್ಕೆ ಮಾಡಿ. ಹವಾಲಾದ ದಾರಿ ಬೇಡ. ದರ ಚೆನ್ನಾಗಿ ಕಂಡರೂ ರಸೀದಿ ಇಲ್ಲ, ಮೋಸವಾದರೆ ಕೇಳುವವರಿಲ್ಲ, ಮುಂದೆ ಮನೆ ಕೊಳ್ಳುವಾಗ ಈ ದುಡ್ಡು ಎಲ್ಲಿಂದ ಬಂತು ಅಂದರೆ ತೋರಿಸಲು ಕಾಗದ ಇಲ್ಲ.

"ನಿನ್ನ ಖಾತೆಗೆ ದುಡ್ಡು ಹಾಕುತ್ತೇನೆ, ಮುಂದೆ ಕಳಿಸು, ಕಮಿಷನ್ ಕೊಡುತ್ತೇನೆ" ಅಂದರೆ?

ಬೇಡ. ಅದು ಹೆಚ್ಚಾಗಿ ಮೋಸದ ದುಡ್ಡೇ ಆಗಿರುತ್ತದೆ. ಗೊತ್ತಿರಲಿಲ್ಲ ಅಂದರೂ ಖಾತೆ ಹೋಗುತ್ತದೆ, ಕೇಸು ಬೀಳುತ್ತದೆ, ವೀಸಾಕ್ಕೂ ಕುತ್ತು. ಇಂಥವರು ಹೊಸದಾಗಿ ಬಂದ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಬರುತ್ತಾರೆ. ನಿಮ್ಮ ಪರಿಚಯದ ಹುಡುಗ ಹುಡುಗಿಯರಿಗೆ ದಯವಿಟ್ಟು ಮೊದಲೇ ಹೇಳಿಡಿ.

ಮೊದಲು ಸಾಲವನ್ನೆಲ್ಲ ಸರಿಯಾಗಿ ತೀರಿಸಿದ್ದೆ. ಇಲ್ಲಿ ಯಾಕೆ ಸಾಲ ಕೊಡುತ್ತಿಲ್ಲ?

ಸಾಲದ ಇತಿಹಾಸ ಸಾಮಾನ್ಯವಾಗಿ ಗಡಿ ದಾಟುವುದಿಲ್ಲ. ಹೊಸ ದೇಶದ ಲೆಕ್ಕದಲ್ಲಿ ನಿಮ್ಮದು ಖಾಲಿ ಹಾಳೆ. ಠೇವಣಿ ಇಟ್ಟು ಪಡೆಯುವ ಕ್ರೆಡಿಟ್ ಕಾರ್ಡ್ ತೆಗೆದುಕೊಂಡು, ಸ್ವಲ್ಪವೇ ಬಳಸಿ, ಪ್ರತಿ ತಿಂಗಳು ಪೂರ್ತಿ ಕಟ್ಟಿ. ಒಂದು ವರ್ಷದಲ್ಲಿ ಬೇರೆಯೇ ವ್ಯತ್ಯಾಸ ಕಾಣುತ್ತದೆ.

ಬಾಕಿ ಬಿಟ್ಟು ದೇಶ ಬಿಡುವ ಯೋಚನೆ ಮಾಡಬೇಡಿ. ಕೊಲ್ಲಿ ದೇಶಗಳಲ್ಲಿ ಸಾಲ ಉಳಿಸಿಕೊಂಡವರ ಮೇಲೆ ಪ್ರಯಾಣ ನಿಷೇಧ ಬೀಳಬಹುದು. ವಿಮಾನ ನಿಲ್ದಾಣದಲ್ಲಿ ನಿಂತಾಗಲೇ ಅದು ತಿಳಿಯುವುದೂ ಉಂಟು. ಕೆಲಸ ಹೋಗಿ ಕಟ್ಟಲು ಆಗದಿದ್ದರೆ ಬ್ಯಾಂಕಿಗೆ ಬರಹದಲ್ಲಿ ತಿಳಿಸಿ, ಕಂತು ಇಳಿಸಲು ಕೇಳಿ.

ಬಾಡಿಗೆ ಮನೆಯ ಮುಂಗಡ ವಾಪಸ್ ಬರುತ್ತದಾ?

ಮೊದಲ ದಿನವೇ ಗೋಡೆ, ನೆಲ, ನಲ್ಲಿ, ಒಲೆ ಎಲ್ಲದರ ಫೋಟೊ ತೆಗೆದು ಮಾಲೀಕರಿಗೆ ಇಮೇಲ್ ಮಾಡಿದ್ದರೆ ಬರುವ ಸಾಧ್ಯತೆ ಜಾಸ್ತಿ. ಮುಂಗಡಕ್ಕೆ ಮಿತಿ ಇರುವ ದೇಶಗಳಿವೆ. ಜರ್ಮನಿಯಲ್ಲಿ ಮೂರು ತಿಂಗಳ ಮೂಲ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು. ಇಂಗ್ಲೆಂಡ್‌ನಲ್ಲಿ ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಮ್ಮಿ ಇದ್ದರೆ ಮುಂಗಡ ಐದು ವಾರದ ಬಾಡಿಗೆಯನ್ನು ಮೀರಬಾರದು. ಮನೆ ನೋಡುವ ಮೊದಲೇ ದುಡ್ಡು ಕಳಿಸಿ ಅನ್ನುವವರನ್ನು ನಂಬಬೇಡಿ.

ಪಾಸ್‌ಪೋರ್ಟ್ ಕಂಪನಿಯವರ ಹತ್ತಿರ ಇದೆ. ಇದು ಸರಿಯಾ?

ಸರಿಯಲ್ಲ. ಪಾಸ್‌ಪೋರ್ಟ್ ಸಾಮಾನ್ಯವಾಗಿ ಅದನ್ನು ಕೊಟ್ಟ ಸರ್ಕಾರದ ಸೊತ್ತು, ಅದನ್ನು ಇಟ್ಟುಕೊಳ್ಳುವ ಹಕ್ಕು ನಿಮಗೆ ಮಾತ್ರ. ವೀಸಾ ಮುದ್ರೆಗೆ ನಾಲ್ಕು ದಿನ ಕೊಡುವುದು ಬೇರೆ, ಕಪಾಟಿನಲ್ಲಿ ಬೀಗ ಹಾಕಿ ಇಡುವುದು ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಯನ್ನು ಗುರುತಿಸಲು 11 ಲಕ್ಷಣಗಳನ್ನು ಹೇಳಿದೆ. ಗುರುತಿನ ಕಾಗದ ಕಿತ್ತಿಟ್ಟುಕೊಳ್ಳುವುದು ಅದರಲ್ಲಿ ಒಂದು. ಸಂಬಳ ತಡೆಹಿಡಿಯುವುದು, ಸಾಲದಲ್ಲಿ ಕಟ್ಟಿಹಾಕುವುದು ಕೂಡ ಆ ಪಟ್ಟಿಯಲ್ಲಿವೆ. ಕೆಲಸ ಕೊಡಿಸಿದ್ದಕ್ಕೆ ಕಾರ್ಮಿಕರಿಂದ ಶುಲ್ಕ ವಸೂಲಿ ಮಾಡಬಾರದು ಅಂತ ಅದೇ ಸಂಘಟನೆಯ 1997ರ ಒಪ್ಪಂದ ಹೇಳುತ್ತದೆ. ಅದಕ್ಕೆ ಸಹಿ ಹಾಕದ ದೇಶಗಳು ಬಹಳ ಇವೆ ಅನ್ನುವುದೇ ಬೇಸರದ ಸಂಗತಿ.

ಮೊದಲು ಬರಹದಲ್ಲಿ ಕೇಳಿ. ಮೆಸೇಜ್ ಆದರೂ ಸರಿ, ದಾಖಲೆ ಉಳಿಯಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆ, ಪೊಲೀಸ್, ನಿಮ್ಮ ದೇಶದ ದೂತಾವಾಸ, ಈ ಮೂರೂ ಕಡೆ ದೂರು ಕೊಡಬಹುದು. ಮಾಡಿದ ಕೆಲಸದ ದಿನ, ಗಂಟೆ, ಕೈಗೆ ಬಂದ ಸಂಬಳ ಎಲ್ಲವನ್ನೂ ಬರೆದಿಡಿ. ಕರಾರಿನ ಪ್ರತಿಯನ್ನು ನಿಮ್ಮ ಮನೆಯವರಿಗೂ ಕಳಿಸಿಡಿ. ನಿಮಗೆ ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಮಾಡಬೇಡಿ. ಭಯ ಆಗುವುದು ಸಹಜ. ಆದರೆ ತಪ್ಪು ನಿಮ್ಮದಲ್ಲ.

ಅಪೊಸ್ಟಿಲ್ ಅಂದರೆ ಏನು? ಎಲ್ಲಿ ಮಾಡಿಸಬೇಕು?

ಜನನ ಪತ್ರ, ಮದುವೆ ಪತ್ರ, ಪದವಿ ಪತ್ರ ಬೇರೆ ದೇಶದಲ್ಲಿ ಒಪ್ಪಿಗೆಯಾಗಲು ಅಂಟಿಸುವ ಪ್ರಮಾಣಪತ್ರ ಅದು. ಹೇಗ್‌ನಲ್ಲಿ 1961ರ ಅಕ್ಟೋಬರ್ 5ರಂದು ಆದ ಒಪ್ಪಂದದಿಂದ ಬಂದದ್ದು. ಚೀನಾದಲ್ಲಿ 2023ರ ನವೆಂಬರ್‌ನಿಂದ, ಕೆನಡಾದಲ್ಲಿ 2024ರ ಜನವರಿಯಿಂದ ಇದು ಜಾರಿಗೆ ಬಂದಿದೆ. ಒಪ್ಪಂದದಲ್ಲಿ ಇಲ್ಲದ ದೇಶಕ್ಕಾದರೆ ವಿದೇಶಾಂಗ ಇಲಾಖೆ, ಆಮೇಲೆ ಆ ದೇಶದ ದೂತಾವಾಸ ಅಂತ ಸುತ್ತಬೇಕು.

ಜನ ಎಡವುವುದು ಒಂದೇ ಕಡೆ. ಕಾಗದ ಕೊಟ್ಟ ದೇಶದಲ್ಲೇ ಅಪೊಸ್ಟಿಲ್ ಆಗಬೇಕು, ನೀವು ಈಗ ಇರುವ ದೇಶದಲ್ಲಿ ಅಲ್ಲ. ಹಾಗಾಗಿ ಹೊರಡುವ ಮೊದಲೇ ಮಾಡಿಸಿಕೊಂಡರೆ ಎಷ್ಟೋ ಓಡಾಟ ತಪ್ಪುತ್ತದೆ. ಅದು ಸಹಿ ಮತ್ತು ಮುದ್ರೆ ಅಸಲಿ ಅಂತ ಮಾತ್ರ ಹೇಳುತ್ತದೆ, ಒಳಗೆ ಬರೆದದ್ದು ನಿಜ ಅಂತ ಅಲ್ಲ. ಅನುವಾದವನ್ನು ಆ ದೇಶದ ಅಧಿಕೃತ ಅನುವಾದಕರಿಂದಲೇ ಮಾಡಿಸಿ.

ಊರಿನ ವ್ಯವಹಾರಕ್ಕೆ ಅಣ್ಣನಿಗೆ ಪವರ್ ಆಫ್ ಅಟಾರ್ನಿ ಕೊಡಲಾ?

ಕೊಡಿ, ಆದರೆ ಒಂದು ಕೆಲಸಕ್ಕೆ, ಒಂದು ಅವಧಿಗೆ. "ನನ್ನ ಎಲ್ಲ ಆಸ್ತಿಯ ಎಲ್ಲ ವ್ಯವಹಾರ" ಅಂತ ಬರೆದುಕೊಟ್ಟು, ಆಮೇಲೆ ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ಕಂಡಿದ್ದೇನೆ. ಬ್ಯಾಂಕಿಗೆ ಒಂದು, ಮನೆ ಬಾಡಿಗೆಗೆ ಒಂದು ಅಂತ ಬೇರೆ ಬೇರೆ ಮಾಡಿ. ರದ್ದು ಮಾಡಿದರೆ ಬ್ಯಾಂಕಿಗೂ ನೋಂದಣಿ ಕಚೇರಿಗೂ ತಿಳಿಸಿ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಬ್ರಿಟಿಷ್ ಕಾನೂನಿನ ಪರಂಪರೆಯ ದೇಶಗಳಲ್ಲಿ ಕೊಟ್ಟವರ ಬುದ್ಧಿಶಕ್ತಿ ಹೋದರೂ ಮಾಮೂಲಿ ಪತ್ರ ನಡೆಯುವುದಿಲ್ಲ, ಅದಕ್ಕೆ ಬೇರೆ ಬಗೆಯ ಪತ್ರ ಬೇಕು. ವಯಸ್ಸಾದ ಅಪ್ಪ ಅಮ್ಮ ಇರುವವರು ಇದನ್ನು ಮರೆಯಬೇಡಿ.

ನಾನು ಇಲ್ಲೇ ತೀರಿಕೊಂಡರೆ ಆಸ್ತಿ ಯಾರಿಗೆ ಹೋಗುತ್ತದೆ?

ಕೇಳಲು ಕಷ್ಟದ ಪ್ರಶ್ನೆ. ಕೇಳದೆ ಬಿಟ್ಟರೆ ಉಳಿದವರ ಪಾಡು ಇನ್ನೂ ಕಷ್ಟ. ಮನೆ, ಜಮೀನಿಗೆ ಅದು ಇರುವ ದೇಶದ ಕಾನೂನು ಅನ್ನುವುದು ಬಹಳ ಕಡೆ ನಡೆದುಬಂದ ಪದ್ಧತಿ. ಯುರೋಪ್ ಒಕ್ಕೂಟದಲ್ಲಿ 2015ರ ಆಗಸ್ಟ್ 17ರಿಂದ ಬೇರೆ ನಿಯಮ ಇದೆ. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಬಿಟ್ಟು ಉಳಿದ ಕಡೆ, ತೀರಿಕೊಂಡವರು ಕೊನೆಗೆ ವಾಸ ಇದ್ದ ದೇಶದ ಕಾನೂನು ಇಡೀ ಆಸ್ತಿಗೆ ಅನ್ವಯ. ಬೇಡವಾದರೆ ನಿಮ್ಮ ಪೌರತ್ವದ ದೇಶದ ಕಾನೂನು ಸಾಕು ಅಂತ ಉಯಿಲಿನಲ್ಲೇ ಬರೆಯಬಹುದು. ಫ್ರಾನ್ಸ್‌ನಂಥ ಕಡೆ ಮಕ್ಕಳಿಗೆ ಇಂತಿಷ್ಟು ಪಾಲು ಹೋಗಲೇಬೇಕು, ಉಯಿಲು ಬರೆದು ತಪ್ಪಿಸಲು ಆಗುವುದಿಲ್ಲ.

ಎರಡು ದೇಶದಲ್ಲಿ ಆಸ್ತಿ ಇದ್ದರೆ ಎರಡು ಉಯಿಲು ಮಾಡಿಸುವುದು ಒಳ್ಳೆಯದು. ಆದರೆ ಎರಡನೆಯದರಲ್ಲಿ "ಹಿಂದಿನ ಉಯಿಲುಗಳೆಲ್ಲ ರದ್ದು" ಅನ್ನುವ ಮಾಮೂಲಿ ಸಾಲು ಸೇರಿಕೊಂಡರೆ ಮೊದಲನೆಯದು ಹೋಯಿತು. "ಈ ದೇಶದ ಆಸ್ತಿಗೆ ಮಾತ್ರ" ಅಂತ ಸ್ಪಷ್ಟವಾಗಿ ಬರೆಸಿ.

ಅಮೆರಿಕದ ಕಂಪನಿಗಳ ಷೇರು ಇಟ್ಟುಕೊಂಡವರು ಇದನ್ನು ಗಮನಿಸಿ. ಅಲ್ಲಿನ ಪೌರರೂ ಅಲ್ಲ, ನಿವಾಸಿಗಳೂ ಅಲ್ಲದವರು ತೀರಿಕೊಂಡಾಗ ಆ ದೇಶದಲ್ಲಿರುವ ಆಸ್ತಿ 60,000 ಡಾಲರ್ ದಾಟಿದರೆ ಉತ್ತರಾಧಿಕಾರ ತೆರಿಗೆಯ ಲೆಕ್ಕ ಶುರುವಾಗುತ್ತದೆ. ಬೇರೆ ದೇಶದ ಬ್ರೋಕರ್ ಮೂಲಕ ಕೊಂಡ ಷೇರೂ ಅದರಲ್ಲಿ ಸೇರುತ್ತದೆ. ಕೆಲವು ದೇಶಗಳ ಜೊತೆಗಿನ ಒಪ್ಪಂದದಲ್ಲಿ ರಿಯಾಯಿತಿ ಇದೆ.

ಎಲ್ಲ ಖಾತೆ, ವಿಮೆ, ಪಿಂಚಣಿಯ ಪಟ್ಟಿ ಒಂದು ಹಾಳೆಯಲ್ಲಿ ಬರೆದು, ಅದು ಎಲ್ಲಿದೆ ಅಂತ ಮನೆಯವರಿಗೆ ಹೇಳಿ. ಪಾಸ್‌ವರ್ಡ್ ಬರೆಯುವುದು ಬೇಡ. ಇದೆ ಅಂತ ಗೊತ್ತಾದರೆ ಸಾಕು. ವಿಮೆಯಲ್ಲಿ ಪಾರ್ಥಿವ ಶರೀರವನ್ನು ಊರಿಗೆ ಕಳಿಸುವ ಖರ್ಚು ಸೇರಿದೆಯಾ ಅಂತಲೂ ನೋಡಿ.

ಇಲ್ಲಿ ಹುಟ್ಟಿದ ಮಗು ಯಾವ ದೇಶದ್ದು?

ಕೆನಡಾದಲ್ಲಿ ಹುಟ್ಟಿದ ಮಕ್ಕಳಿಗೆ ಸಾಮಾನ್ಯವಾಗಿ ಅಲ್ಲಿಯ ಪೌರತ್ವ ಸಿಗುತ್ತದೆ. ಯುರೋಪ್, ಏಷ್ಯಾದ ಹೆಚ್ಚಿನ ದೇಶಗಳಲ್ಲಿ ಹುಟ್ಟಿದ ಮಾತ್ರಕ್ಕೆ ಸಿಗುವುದಿಲ್ಲ, ಅಪ್ಪ ಅಮ್ಮನ ಮೂಲಕ ಬರಬೇಕು. ತಾಯಿಯಿಂದ ಮಗುವಿಗೆ ಪೌರತ್ವ ಬರಲು ತಂದೆಯಷ್ಟು ಹಕ್ಕು ಕೊಡದ ದೇಶಗಳು ಇನ್ನೂ 20ಕ್ಕಿಂತ ಜಾಸ್ತಿ ಇವೆ. ಹೀಗೆ ಯಾವ ದೇಶಕ್ಕೂ ಸೇರದೆ ಉಳಿದ ಮಕ್ಕಳಿದ್ದಾರೆ. ಅದಕ್ಕೇ ಮೊದಲು ಇರುವ ದೇಶದಲ್ಲಿ ಜನನ ನೋಂದಣಿ, ಕೂಡಲೇ ನಿಮ್ಮ ದೂತಾವಾಸದಲ್ಲಿ ನೋಂದಣಿ.

ಗಂಡ ಹೆಂಡತಿ ಬೇರೆಯಾಗುವ ಹಂತ ಬಂದರೆ, ಮಗುವನ್ನು ಕರೆದುಕೊಂಡು ಇನ್ನೊಬ್ಬರ ಒಪ್ಪಿಗೆ ಇಲ್ಲದೆ ದೇಶ ದಾಟಬೇಡಿ. ಮಕ್ಕಳ ಅಪಹರಣದ ಬಗ್ಗೆ ಇರುವ 1980ರ ಹೇಗ್ ಒಪ್ಪಂದಕ್ಕೆ 100ಕ್ಕಿಂತ ಜಾಸ್ತಿ ದೇಶಗಳು ಸೇರಿವೆ. ಸ್ವಂತ ತಂದೆ ತಾಯಿ ಮಾಡಿದರೂ ಅದನ್ನು ಅಪಹರಣ ಅಂತಲೇ ನೋಡುತ್ತಾರೆ. ಮೊದಲು ವಕೀಲರು, ಆಮೇಲೆ ಟಿಕೆಟ್.

ನನ್ನ ಡ್ರೈವಿಂಗ್ ಲೈಸೆನ್ಸ್ ಇಲ್ಲಿ ನಡೆಯುತ್ತದಾ?

ಸ್ವಲ್ಪ ಕಾಲ. ಅಂತರರಾಷ್ಟ್ರೀಯ ಪರ್ಮಿಟ್ ನಿಮ್ಮ ಲೈಸೆನ್ಸಿನ ಅನುವಾದ ಮಾತ್ರ, ಮೂಲವೂ ಜೊತೆಗೆ ಬೇಕು. 1949ರ ರಸ್ತೆ ಸಂಚಾರ ಒಪ್ಪಂದದ ಪರ್ಮಿಟ್ ಒಂದು ವರ್ಷದ್ದು, 1968ರದ್ದು ಗರಿಷ್ಠ ಮೂರು ವರ್ಷದ್ದು. ಜಪಾನ್ ಒಪ್ಪುವುದು 1949ರ ಮಾದರಿಯನ್ನು ಮಾತ್ರ. ನೆಲೆಸಿದ ಮೇಲೆ ಜರ್ಮನಿಯಲ್ಲಿ ಆರು ತಿಂಗಳು, ಬ್ರಿಟನ್‌ನಲ್ಲಿ 12 ತಿಂಗಳು ಸಾಮಾನ್ಯ ಗಡುವು. ಅದು ಮೀರಿ ಓಡಿಸಿ ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು.

ಪೊಲೀಸರು ಹಿಡಿದರೆ ದೂತಾವಾಸ ಬಿಡಿಸುತ್ತದಾ?

ಬಿಡಿಸಲು ಆಗುವುದಿಲ್ಲ. ಆದರೆ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ, ನೀವು ಕೇಳಿದರೆ ಪೊಲೀಸರು ತಡ ಮಾಡದೆ ನಿಮ್ಮ ದೂತಾವಾಸಕ್ಕೆ ತಿಳಿಸಬೇಕು. "ನನ್ನ ದೂತಾವಾಸಕ್ಕೆ ತಿಳಿಸಿ" ಅನ್ನುವ ಒಂದು ವಾಕ್ಯವನ್ನು ಅಲ್ಲಿಯ ಭಾಷೆಯಲ್ಲಿ ಕಲಿತಿಡಿ. ಅವರು ಬಂದು ನೋಡಬಹುದು, ವಕೀಲರ ಪಟ್ಟಿ ಕೊಡಬಹುದು, ಮನೆಗೆ ಸುದ್ದಿ ಮುಟ್ಟಿಸಬಹುದು. ಎರಡೂ ದೇಶದ ಪೌರತ್ವ ಇದ್ದವರಿಗೆ ಆ ಎರಡರೊಳಗೆ ಇನ್ನೊಂದರ ನೆರವು ಸಿಗುವುದು ಕಷ್ಟ.

ವಾಪಸ್ ಹೊರಟಿದ್ದೇನೆ. ಕಟ್ಟಿದ ಪಿಂಚಣಿ ದುಡ್ಡು ಹೋಯಿತಾ?

ಹಾಗೇ ಬಿಟ್ಟು ಬರಬೇಡಿ, ಅದು ನಿಮ್ಮ ಸಂಬಳದ ಭಾಗ. ಜಪಾನ್‌ನಲ್ಲಿ ಕನಿಷ್ಠ ಆರು ತಿಂಗಳು ಕಟ್ಟಿ, ಪಿಂಚಣಿಗೆ ಬೇಕಾದ 10 ವರ್ಷ ಆಗದವರು ದೇಶ ಬಿಟ್ಟ ಎರಡು ವರ್ಷದೊಳಗೆ ಅರ್ಜಿ ಹಾಕಿ ಒಂದು ಮೊತ್ತ ಪಡೆಯಬಹುದು. ಜರ್ಮನಿಯಲ್ಲಿ ಇದಕ್ಕೆ ಉಲ್ಟಾ: 60 ತಿಂಗಳಿಗಿಂತ ಕಮ್ಮಿ ಕಟ್ಟಿದ, ಯುರೋಪ್ ಒಕ್ಕೂಟದ ಹೊರಗಿನ ಹಲವು ದೇಶದವರು 24 ತಿಂಗಳು ಕಾದ ಮೇಲೆ ಅರ್ಜಿ ಹಾಕಬೇಕು. ನೀವು ಕಟ್ಟಿದ ಪಾಲು ಬರುತ್ತದೆ, ಕಂಪನಿಯದ್ದು ಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ತಾತ್ಕಾಲಿಕ ವೀಸಾದವರು ವೀಸಾ ಮುಗಿದು ಹೊರಟ ಮೇಲೆ ನಿವೃತ್ತಿ ನಿಧಿಯನ್ನು ತೆರಿಗೆ ಕಳೆದು ಕೇಳಬಹುದು. ಒಮ್ಮೆ ತೆಗೆದರೆ ಆ ವರ್ಷಗಳು ಮುಂದೆ ಪಿಂಚಣಿ ಲೆಕ್ಕಕ್ಕೆ ಬರುವುದಿಲ್ಲ. ಎರಡು ದೇಶಗಳ ನಡುವೆ ಸಾಮಾಜಿಕ ಭದ್ರತೆ ಒಪ್ಪಂದ ಇದ್ದರೆ ಎರಡೂ ಕಡೆಯ ವರ್ಷ ಕೂಡಿಸಿಕೊಳ್ಳಬಹುದು, ಹಾಗಾಗಿ ಆತುರ ಬೇಡ.

ಇಂಥ ಅರ್ಜಿಯ ದುಡ್ಡು ಬರಲು ತಿಂಗಳುಗಳು ಬೇಕು. ಅಲ್ಲಿವರೆಗೆ ಅಲ್ಲಿಯ ಬ್ಯಾಂಕ್ ಖಾತೆ ತೆರೆದಿರಲಿ. ಖಾತೆಗೆ ಜೋಡಿಸಿದ ಮೊಬೈಲ್ ಸಿಮ್ ಕೂಡ ಬದುಕಿರಲಿ. ಒಟಿಪಿ ಬರುವುದು ಅದಕ್ಕೇ. ವಿದ್ಯುತ್, ಇಂಟರ್ನೆಟ್, ಮನೆ ಎಲ್ಲ ಮುಗಿಸಿ, ಕೊನೆಯ ಮೊತ್ತ ಕೈಗೆ ಬಂದು, ಖಾತೆ ಮುಚ್ಚಿದ ಪತ್ರ ಸಿಕ್ಕ ಮೇಲೆ ಸಿಮ್ ಬಿಡಿ.